ಮೂರೂವರೆಯ ಪಾಕೀಟು

೯ ಮಾರ್ಚ್ ೧೯೮೬

ಕೊಕಟನೂರ ದಾಟಿ ನಾಲ್ಕು ಮೈಲಿ ಸೈಕಲ್ ತುಳಿದು ಕುರುಬರ ವಸ್ತಿಗೆ ಹೋಗಿ ಬಂದೆ. ನಲವತ್ಮೂರು ಮನೆ. ಗಂಡಸರು ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಹೋಗಿದ್ದಾರೆ. ಉಳಿದವರು ಮುದುಕರು, ಹೆಂಗಸರು ಮತ್ತು ಅಷ್ಟು ದೂರ ನಡೆಯಲಾರದ ದನ. ಬಾವಿಯ ಮೆಟ್ಟಿಲು ಇಳಿದು ನೋಡಿದೆ. ನೀರು ಮೊಣಕಾಲುದ್ದ. ಮನೆಗೆ ದಿನಕ್ಕೆ ಎರಡು ಕೊಡ.

ತಾರವ್ವ ಎಂಬ ಮುದುಕಿ ತನ್ನ ಗುಡಿಸಲಿನ ಮೇಲಿನ ಹುಲ್ಲು ಕಿತ್ತು ಎಮ್ಮೆಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಅದರ ಮಣಕ, ಇನ್ನೂ ಗಬ್ಬವಾಗದ ಎಳೆಯದು, ಸರದಿಗೆ ಕಾದಿತ್ತು.

“ಮನಿನ ತಿನಸಾಕತ್ತಿಯಲ್ಲ ಆಯಿ” ಎಂದೆ.

“ಮಳೀನ ಇಲ್ಲಂದಮ್ಯಾಲ ಮಾಡ ಯಾಕ ಬೇಕೋ ತಮ್ಮಾ” ಎಂದಳು.

ಕಂಡದ್ದನ್ನು ಕಂಡಂತೆ ಬರೆದು ಮೂರೂವರೆಯ ಬೆಳಗಾವಿ ಬಸ್ಸಿನ ಕಂಡಕ್ಟರನ ಕೈಗೆ ಪಾಕೀಟು ಕೊಟ್ಟೆ. ಹನ್ನೊಂದು ವರ್ಷದಿಂದ ಈ ಊರಲ್ಲಿ ಪತ್ರಿಕೆಯ ಏಜೆಂಟನೂ ನಾನೇ, ವರದಿಗಾರನೂ ನಾನೇ. ಆ ಬಸ್ಸಿಗೆ ಹೋದದ್ದು ಮಾತ್ರ ಮರುದಿನದ ಪತ್ರಿಕೆಗೆ ಸಿಗುತ್ತದೆ. ಆದ್ದರಿಂದ ಸಂಜೆಯ ಕಾರ್ಯಕ್ರಮಗಳನ್ನು ಮಧ್ಯಾಹ್ನವೇ ಬರೆದು ಕಳಿಸುವುದು ರೂಢಿ. ಎಲ್ಲ ಊರಿನ ವರದಿಗಾರರೂ ಹಾಗೇ ಮಾಡುತ್ತಾರೆ. ನನ್ನ ಹೆಂಡತಿ ಶಿವಗಂಗವ್ವ ಇದಕ್ಕೇ ನಗುತ್ತಾಳೆ. “ನಾಳಿನ ಊಟಾನೂ ಇವತ್ತ ಮಾಡಿಬಿಡ್ರಿ, ನನಗ ಒಲಿ ಮುಂದಿನ ಕೆಲಸ ತಪ್ಪತೈತಿ” ಎಂದು.

೧೪ ಮಾರ್ಚ್

ವಸ್ತಿಯ ಸುದ್ದಿ ಐದು ದಿನ ತಡವಾದರೂ ಮುಖಪುಟದಲ್ಲಿ ಬಂತು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನೂರಾ ನಲವತ್ತು ಪ್ರತಿ ಏಳು ಗಂಟೆಗೆ ಮುಗಿದವು. ನನ್ನ ಮನೆಗೆ ಒಂದೂ ಉಳಿಯಲಿಲ್ಲ. ಹೋಟೆಲಿನಿಂದ ಕೇಳಿ ತಂದೆ.

೨ ಎಪ್ರಿಲ್

ಸುದ್ದಿ ಓದಿದವರು ಪತ್ರಿಕೆಯ ಕಚೇರಿಗೆ ಮನಿ ಆರ್ಡರ್ ಕಳಿಸತೊಡಗಿದ್ದಾರೆ. ಆ ಹಣದಲ್ಲಿ ಮೇವು ಕೊಳ್ಳಲು ನಮ್ಮೂರಲ್ಲಿ ಬರ ಪರಿಹಾರ ನಿಧಿ ಸಮಿತಿ ಆಗಿದೆ. ಅಧ್ಯಕ್ಷರು ಅಣ್ಣಾಸಾಬರು. ಕಬ್ಬು, ದ್ರಾಕ್ಷಿ ಸೇರಿ ನಲವತ್ತು ಎಕರೆ ತೋಟದವರು. ನನ್ನ ಏಜೆನ್ಸಿಗೆ ಜಾಮೀನು ನಿಂತವರೂ ಅವರೇ. ಪ್ರಚಾರದ ಕೆಲಸ ನನಗೆ ಕೊಟ್ಟಿದ್ದಾರೆ.

ನಿನ್ನೆ ಅವರ ಜೀಪಿನಲ್ಲಿ ನಿಪ್ಪಾಣಿಗೆ ಹೋಗಿದ್ದೆವು. ಬೀಡಿ ಕಟ್ಟುವ ಹೆಂಗಸರು ಒಂದು ದಿನದ ಕೂಲಿ ಕೊಟ್ಟರು. ಒಬ್ಬಳ ಹೆಸರು ಬರೆದುಕೊಳ್ಳಲು ಹೋದೆ. ಕೈ ಅಡ್ಡ ಹಿಡಿದಳು. “ನಮ್ಮ ಹೆಸರ ಬ್ಯಾಡ್ರಿ. ದನದ ಬಾಯಿಗೆ ಮುಟ್ಟಿದ ದಿನ ಬರೀರಿ. ಯಾರ ಕಡಿಂದರ ಓದಿಸಿ ಕೇಳ್ತೀವಿ” ಎಂದಳು. ಬರುವಾಗ ಚಿಕ್ಕೋಡಿಯ ಶಾಲೆಯೊಂದರ ಮಕ್ಕಳು ಕೂಡಿಸಿದ್ದೂ ಸೇರಿತು. ಈವರೆಗೆ ಒಟ್ಟು ಅರವತ್ತೊಂದು ಸಾವಿರ.

೧೦ ಎಪ್ರಿಲ್

ಅಣ್ಣಾಸಾಬರು ಮಿರಜದಿಂದ ಕ್ಯಾಮೆರಾ ತರಿಸಿದ್ದಾರೆ. ಸಮಿತಿಯದು, ಬಳಕೆಗೆ ನನ್ನ ಬಳಿ ಇರುತ್ತದೆ. ನಿಧಿಯ ಹಣವೇ ಎಂದು ಕೇಳಿದೆ.

“ಮತ್ತ ನನ್ನ ಮನಿದೇನು? ಪ್ರಚಾರಕ್ಕ ಖರ್ಚ ಅಂತ ಇರ್ತದಲ್ಲೋ ಮುರಗೆಪ್ಪಾ. ನಿನ್ನ ಅಕ್ಷರ ನೋಡಿ ಕೊಟ್ಟವರು ಇಷ್ಟ, ಫೋಟೋ ನೋಡಿದ್ರ ಇದರ ದುಪ್ಪಟ್ಟ ಕೊಡ್ತಾರ.”

ಮಾತು ಸರಿ ಇದೆ. ತೆಗೆದುಕೊಂಡೆ.

೧೮ ಎಪ್ರಿಲ್

ಸಂಜೆ ಐದಕ್ಕೆ ವಸ್ತಿಯಲ್ಲಿ ಮೇವು ವಿತರಣೆ ಇತ್ತು. ಮಧ್ಯಾಹ್ನವೇ ಸುದ್ದಿ ಬರೆದೆ. “ನಲವತ್ಮೂರು ಕುಟುಂಬಗಳಿಗೆ ತಲಾ ಐವತ್ತು ಪೆಂಡಿ ಜೋಳದ ಕಣಿಕಿ ವಿತರಿಸಲಾಯಿತು. ಮೇವು ಸ್ವೀಕರಿಸಿದ ವೃದ್ಧೆ ತಾರವ್ವ ಕಣ್ಣು ತುಂಬಿ ದಾನಿಗಳಿಗೆ ಕೈಮುಗಿದರು.” ಕುಟುಂಬಗಳ ಹೆಸರಿನ ಪಟ್ಟಿಯನ್ನೂ ಜೊತೆಗಿಟ್ಟು ಮೂರೂವರೆಯ ಬಸ್ಸಿಗೆ ಕೊಟ್ಟು, ನಾಲ್ಕಕ್ಕೆ ಸೈಕಲ್ ಹತ್ತಿದೆ.

ವಸ್ತಿಯವರು ಅಂಗಳಕ್ಕೆಲ್ಲ ಸಗಣಿ ನೀರು ಹೊಡೆದಿದ್ದರು. ಅಷ್ಟು ನೀರು ಎಲ್ಲಿಂದ ತಂದರೋ. ದನಗಳನ್ನು ಸಾಲಾಗಿ ಕಟ್ಟಿದ್ದರು. ಐದಾಯಿತು, ಆರಾಯಿತು. ಲಾರಿ ಬರಲಿಲ್ಲ. ಹೊತ್ತು ಮುಳುಗುವ ಮುಂಚೆ ಅಣ್ಣಾಸಾಬರ ಆಳು ಮೋಟರ್ ಸೈಕಲ್ ಮೇಲೆ ಬಂದ. ಲಾರಿ ಕಾಗವಾಡದ ಹತ್ತಿರ ಕೆಟ್ಟು ನಿಂತಿದೆ, ನಾಳೆ ಬರುತ್ತದೆ ಎಂದು ಹೇಳಿ ಹೋದ.

ಸ್ಟ್ಯಾಂಡಿನ ಹೋಟೆಲಿನಲ್ಲಿ ಫೋನಿದೆ. ಟ್ರಂಕ್ ಕಾಲ್ ಬುಕ್ ಮಾಡಿದ್ದರೆ ಒಂಬತ್ತರೊಳಗೆ, ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ, ಬೆಳಗಾವಿ ಸಿಗುತ್ತಿತ್ತು. ಸುದ್ದಿ ತಡೆಯಿರಿ ಎಂದರೆ ಯಾಕೆ ಎಂದು ಕೇಳುತ್ತಾರೆ. ನಾಳೆ ಹೇಗೂ ಮೇವು ಬರುತ್ತದೆ. ಸುದ್ದಿ ಒಂದು ದಿನ ಮುಂದೆ ಹೋದಂತಾಯಿತು, ಅಷ್ಟೇ. ಬುಕ್ ಮಾಡಲಿಲ್ಲ.

೧೯ ಎಪ್ರಿಲ್

ಮೂರನೆಯ ಪುಟ, ಮೂರು ಕಾಲಂ. ಹೆಸರುಗಳೆಲ್ಲ ತಪ್ಪಿಲ್ಲದೆ ಬಂದಿವೆ. ಲಾರಿ ಬರಲಿಲ್ಲ.

೨೨ ಎಪ್ರಿಲ್

ಲಾರಿ ಬಂದಿಲ್ಲ.

ವಸ್ತಿಗೆ ಹೋದಾಗ ತಾರವ್ವ ಪತ್ರಿಕೆಯಲ್ಲಿ ಏನು ಬಂದಿದೆ ಎಂದು ಕೇಳಿದಳು. ಓದಿ ಹೇಳಿದೆ. ಅರ್ಧಕ್ಕೆ ನಿಲ್ಲಿಸಬೇಕೆಂದುಕೊಂಡಿದ್ದೆ, ಅವಳು ಬಿಡಲಿಲ್ಲ.

“ನಾ ಯಾವಾಗ ಅತ್ತೆ?”

“ಹಂಗ ಬರೀತಾರ ಆಯಿ.”

“ಇರ್ಲಿ ಬಿಡು. ಮೇವ ಬಂದ ದಿನ ಅಳ್ತೀನಿ.” ಆ ಹಾಳೆ ತನಗೆ ಬೇಕೆಂದಳು. ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಚಂಚಿಯಲ್ಲಿಟ್ಟುಕೊಂಡಳು.

೨೯ ಎಪ್ರಿಲ್

ಸರಕಾರಿ ಮೇವಿನ ಡಿಪೋ ತೆರೆದಿದೆ. ವಸ್ತಿಯ ನಲವತ್ಮೂರು ಹೆಸರೂ ಪಟ್ಟಿಯಲ್ಲಿ ಇಲ್ಲ. ಪಟ್ಟಿ ಮಾಡುವ ಗುಮಾಸ್ತ ರಾಜಾರಾಮನನ್ನು ಕೇಳಿದೆ. ಅವನು ಫೈಲು ಬಿಚ್ಚಿ ನನ್ನ ಕಡೆ ತಿರುಗಿಸಿದ. ಹತ್ತೊಂಬತ್ತರ ಪತ್ರಿಕೆಯ ಸುದ್ದಿಯನ್ನು ಕತ್ತರಿಸಿ ಅಂಟಿಸಿದ್ದಾನೆ. ನಲವತ್ಮೂರು ಹೆಸರಿನ ಮುಂದೆಯೂ ಕೆಂಪು ಶಾಯಿಯ ಗುರುತು.

“ಒಮ್ಮೆ ಖಾಸಗಿ ಮೇವು ಮುಟ್ಟಿದವರಿಗೆ ಡಿಪೋದಾಗ ಇಲ್ರಿ. ಮ್ಯಾಲಿಂದ ಹುಕುಂ ಐತಿ” ಎಂದ. “ನಾನರ ನಲವತ್ಮೂರು ಮನಿ ಎಲ್ಲಿ ತಿರಗಲ್ರಿ? ನೀವು ಬರದೀರಿ ಅಂತ ಸಸಾರ ಆತು. ನಿಮ್ಮ ಬರವಣಿಗಿ ಒಳ್ಳೆ ಛಾಪಾ ಇದ್ದಂಗ ಇರ್ತೈತಿ, ಎಲ್ಲಾ ಹೆಸರ ಸಮೇತ.”

ಚಹಾ ಹೇಳಿದ. ಕುಡಿದೆ.

೩೦ ಎಪ್ರಿಲ್

ಅಣ್ಣಾಸಾಬರ ತೋಟಕ್ಕೆ ಹೋದೆ. ದ್ರಾಕ್ಷಿ ಬಳ್ಳಿ ಸವರುವ ಛಾಟಣಿ ಮುಗಿದು ಹೊಸ ಚಿಗುರು ಬರುತ್ತಿದೆ. ಸಾಲಿನ ಬದುವಿಗೆ ಹೊಸ ಪೈಪು ಜೋಡಿಸುತ್ತಿದ್ದರು. ನದಿಯ ಕಡೆಯಿಂದ ಎರಡೂವರೆ ಮೈಲಿ ಪೈಪು ಎಂದು ಕೆಲಸದವನೊಬ್ಬ ಹೇಳಿದ. ಯಾವಾಗ ಬಂತು ಎಂದೆ. ಹದಿನೆಂಟನೇ ತಾರೀಖು, ಕಾಗವಾಡದ ಲಾರಿಯಲ್ಲಿ.

ಪೈಪು ನಿಧಿಯ ಹಣದ್ದೇ ಎಂಬುದನ್ನು ಅಣ್ಣಾಸಾಬರು ಮುಚ್ಚಿಡಲಿಲ್ಲ.

“ಈ ತ್ವಾಟ ಒಣಗಿದ್ರ ಮೂವತ್ತ ಮಂದಿ ಕೂಲಿ ಕಳಕೋತಾರ. ಅವರೂ ಬರಗಾಲದ ಮಂದೀನ. ಕಣಿಕಿ ತಂದ ಹಾಕಿದ್ರ ಹದಿನೈದ ದಿನಕ್ಕ ಸಗಣಿ ಆಕ್ಕೈತಿ. ಪೈಪ ಇಪ್ಪತ್ತ ವರ್ಷ ಇರ್ತೈತಿ. ನೀ ಓದಿದಾಂವ, ನೀನ ಹೇಳು, ಯಾವುದು ಖರೇ ಪರಿಹಾರ?”

“ನಿಧಿ ಮೇವಿಗಂತ ಕೂಡಿಸಿದ್ದರಿ.”

“ದ್ರಾಕ್ಷಿ ಮಾರಿದ ಮ್ಯಾಲ ಮೇವಿಗೆ ಹಾಕ್ತೀನಿ. ಎಲ್ಲೂ ಓಡಿ ಹೋಗಂಗಿಲ್ಲ ನಾ. ನೀನೂ ಹೋಗಂಗಿಲ್ಲ.” ನನ್ನ ಕೊರಳಿನಲ್ಲಿದ್ದ ಕ್ಯಾಮೆರಾದ ಪಟ್ಟಿಯನ್ನು ತಾವೇ ಸರಿಪಡಿಸಿದರು. “ಇದ ಛಲೋ ನಡದೈತೇನು?”

ಕೂಲಿಯವರ ಬಗ್ಗೆ ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ. ಮೂವತ್ತು ಜನ ಎನ್ನುವುದನ್ನು ಎಣಿಸಿ ನೋಡಿದೆ. ಹನ್ನೆರಡು ಇದ್ದರು.

೪ ಮೇ

ಕೆಲಸ ಬಹಳ. ವಸ್ತಿಗೆ ಹೋಗಲಾಗಲಿಲ್ಲ.

೮ ಮೇ

ಬೆಳಿಗ್ಗೆ ಅಂಗಡಿಯಲ್ಲಿ ಪತ್ರಿಕೆ ಮಡಿಸುತ್ತಿದ್ದಾಗ ತಾರವ್ವ ಬಂದಳು. ಡಿಪೋಕ್ಕೆ ಹೋಗಿ, ಅಲ್ಲಿಂದ ನಡೆದು ಬಂದಿದ್ದಳು. ಚಂಚಿಯಿಂದ ಆ ಹಾಳೆ ತೆಗೆದು ನನ್ನ ಮುಂದಿಟ್ಟಳು. ಮಡಿಕೆಯಲ್ಲಿ ಸುಣ್ಣ ಹತ್ತಿ ಹರಿಯುವ ಹಾಗಾಗಿದೆ. ಪತ್ರಿಕೆಯ ಹಾಳೆಯನ್ನು ಅವಳು ಮೇವಿನ ಚೀಟಿ ಎಂದು ತಿಳಿದಿದ್ದಾಳೆ. ಮೂರು ದಿನದಿಂದ ಡಿಪೋದ ಬಾಗಿಲಲ್ಲಿ ಅದನ್ನು ತೋರಿಸುತ್ತಿದ್ದಾಳಂತೆ.

“ಆ ಗುಮಾಸ್ತ ನಗ್ತಾನ. ಇದರಾಗ ಎಷ್ಟ ಪೆಂಡಿ ಬರದೈತೋ ತಮ್ಮಾ?”

“ಐವತ್ತು.”

“ಅಷ್ಟ ಬ್ಯಾಡ ಅಂತ ಹೇಳು. ಇಪ್ಪತ್ತ ಕೊಡಲಿ. ಉಳಿದದ್ದು ಬಿಟ್ಟ ಕೊಡ್ತೀನಿ.”

“ಆಯಿ, ಇದು ಚೀಟಿ ಅಲ್ಲ.”

“ನನ್ನ ಹೆಸರ ಐತಿ ಅಂದಿ.”

“ಐತಿ.”

“ಮೇವ ಅಂತ ಐತಿ. ಐವತ್ತ ಅಂತ ಐತಿ. ಚೀಟಿ ಅಲ್ಲಂದ್ರ ಏನದು?”

ಶಿವಗಂಗವ್ವ ಒಳಗಿನಿಂದ ರೊಟ್ಟಿ ತಂದು ಕೊಟ್ಟಳು. ತಾರವ್ವ ಒಂದು ತಿಂದು ಒಂದನ್ನು ಸೆರಗಿಗೆ ಕಟ್ಟಿಕೊಂಡಳು. ಎಮ್ಮೆಗೆ ಎಂದು ಕೇಳದೆಯೇ ಗೊತ್ತಾಯಿತು.

ಅವಳು ಹೋದ ಮೇಲೆ ಶಿವಗಂಗವ್ವ ಕೇಳಿದಳು: “ನೀವು ಕಣ್ಣಲೆ ನೋಡೇ ಬರದಿದ್ರೇನು?”

ರೂಢಿ ಏನೆಂದು ಅವಳಿಗೆ ಗೊತ್ತು. ಉಳಿದ ಪತ್ರಿಕೆ ಮಡಿಸಿದೆ.

೯ ಮೇ

ತಿದ್ದುಪಡಿ ಬರೆದೆ. ನಾಲ್ಕು ಸಾಲು. “ಎಪ್ರಿಲ್ ೧೯ರ ಸಂಚಿಕೆಯಲ್ಲಿ ಪ್ರಕಟವಾದಂತೆ ಮೇವು ವಿತರಣೆಯಾಗಿರುವುದಿಲ್ಲ.” ಯಾಕೆ ಆಗಿಲ್ಲ ಎಂದು ಬರೆದರೆ ಪೈಪಿನ ವಿಷಯ ಬರುತ್ತದೆ. ಹೇಗೆ ಪ್ರಕಟವಾಯಿತು ಎಂದು ಬರೆದರೆ ನನ್ನ ವಿಷಯ ಬರುತ್ತದೆ. ಎರಡೂ ಬಿಟ್ಟರೆ ಯಾರೂ ನಂಬುವುದಿಲ್ಲ. ಬಸ್ಸು ಬಂತು, ಹೋಯಿತು. ಪಾಕೀಟಿನಲ್ಲಿ ಬೇರೆ ಸುದ್ದಿ ಇಟ್ಟೆ. ತಿದ್ದುಪಡಿ ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗಿದೆ.

೧೫ ಮೇ

ಸಂಪಾದಕರ ಪತ್ರ. ಬರದ ವರದಿಗಳನ್ನು ಮೆಚ್ಚಿದ್ದಾರೆ. ಜೂನ್ ಒಂದರಿಂದ ಪೂರ್ಣಾವಧಿ ವರದಿಗಾರ. ತಿಂಗಳಿಗೆ ಆರುನೂರು. ಅಥಣಿ, ರಾಯಬಾಗ ಎರಡೂ ತಾಲೂಕು ನನ್ನವು. ಈ ಹೊತ್ತಿನಲ್ಲಿ ಎಚ್ಚರವಾಗಿರಬೇಕು. ಕೈಯಲ್ಲಿ ಅಧಿಕಾರವಿದ್ದರೆ ಮುಂದೆ ವಸ್ತಿಯವರಿಗೆ ಹೆಚ್ಚು ಸಹಾಯ ಮಾಡಬಹುದು. ನನ್ನ ಕ್ಯಾಮೆರಾಕ್ಕೆ ಹೊಸ ಚರ್ಮದ ಚೀಲ ಹೊಲಿಸಲು ಕೊಟ್ಟೆ.

೨೧ ಮೇ

ವಸ್ತಿಗೆ ಹೋದೆ. ಹದಿನೇಳು ಮನೆಗೆ ಬೀಗ. ಬೀಗವೆಂದರೆ ಮುಳ್ಳಿನ ಕಂಟಿ. ಒಂಬತ್ತು ದನ ಸತ್ತಿವೆ, ಎಲುಬು ಎಣಿಸಿದೆ.

ತಾರವ್ವನ ಎಮ್ಮೆ ನೆಲ ಹಿಡಿದಿದೆ. ಅದನ್ನು ಎಬ್ಬಿಸಲು ಇಬ್ಬರು ಹೆಂಗಸರು ಬಾಲಕ್ಕೆ ಕೈ ಹಾಕಿದರು. ಎದ್ದು ಮತ್ತೆ ಕುಸಿಯಿತು. ಗುಡಿಸಲಿಗೆ ಮಾಡು ಉಳಿದಿಲ್ಲ. ಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು.

ತಾರವ್ವ ನನ್ನನ್ನು ಬೈಯಲಿಲ್ಲ. ಬೈಯುತ್ತಾಳೆ ಎಂದುಕೊಂಡೇ ಹೋಗಿದ್ದೆ. ಆ ಹಾಳೆ ತೆಗೆದು ನನ್ನ ಕೈಗೆ ಕೊಟ್ಟಳು.

“ಡಿಪೋದಾಂವ ಹೇಳಿದ, ಇದರಾಗ ಹೆಸರ ಇದ್ದವರಿಗೆ ಮೇವ ಇಲ್ಲಂತ. ನನ್ನ ಹೆಸರ ತೆಗದ ಬಿಡು ತಮ್ಮಾ. ಎಮ್ಮಿ ಹೋಗ್ತೈತಿ, ಹೋಗ್ಲಿ. ಮಣಕ ಐತಿ ಇನ್ನ.”

“ಛಾಪಿಸಿದ್ದನ್ನ ತೆಗ್ಯಾಕ ಬರಂಗಿಲ್ಲ ಆಯಿ.”

“ನೀನ ಹಾಕಿದ್ದಲ್ಲ?”

“ನಾನ.”

“ಹಾಕಾಕ ಬರ್ತೈತಿ, ತೆಗ್ಯಾಕ ಬರಂಗಿಲ್ಲ?”

ಹಾಳೆ ಈಗ ನನ್ನ ಬಳಿ ಇದೆ. ಫೋಟೋ ತೆಗೆಯಲಿಲ್ಲ.

೨೩ ಮೇ

ರಾಜಾರಾಮನಿಗೆ ಲಿಖಿತ ಹೇಳಿಕೆ ಕೊಟ್ಟೆ. “ನಾನು ಕಾಣದೆ ಬರೆದೆ. ವಸ್ತಿಗೆ ಒಂದು ಪೆಂಡಿ ಮೇವೂ ಬಂದಿಲ್ಲ.” ಸಹಿ ಮಾಡಿದೆ. ಅವನು ಎರಡು ಸಲ ಓದಿದ.

“ಇದು ಕೈಬರಹ ಆತಲ್ರಿ. ಅದು ಪೇಪರ್. ಫೈಲಿಗೆ ಹತ್ತಿದ್ದನ್ನ ಕಿತ್ತಬೇಕಂದ್ರ ಅದರ ಬರೋಬರಿದು ಹತ್ತಬೇಕು. ಛಾಪಿಸಿ ತರ್ರಿ, ನಾ ಕೂಡ್ಲೇ ಹೆಸರ ಹಾಕ್ತೀನಿ.” ಆಮೇಲೆ ದನಿ ತಗ್ಗಿಸಿದ: “ಜೂನ್ ಎರಡಕ್ಕ ಕಡೀ ಪಟ್ಟಿ ಹೋಗ್ತೈತಿ. ಒಂದನೇ ತಾರೀಖಿನ ಪೇಪರಿಗೆ ಬಂದ್ರೂ ನಡೀತೈತಿ. ಅದರಾಚೆ ನನ್ನ ಕೈಯಾಗ ಇಲ್ರಿ.”

ಅವನು ಕೆಟ್ಟವನಲ್ಲ. ನಾನು ಬರೆದದ್ದನ್ನು ನಂಬಿದವರಲ್ಲಿ ಅವನೂ ಒಬ್ಬ.

೨೪ ಮೇ

ತಿದ್ದುಪಡಿಯನ್ನು ಹೊಸದಾಗಿ, ಪೂರ್ತಿ ಬರೆದು ಪಾಕೀಟಿನಲ್ಲಿಟ್ಟೆ. ಕಂಡಕ್ಟರ್ ಎಂದಿನಂತೆ ಟಿಕೆಟ್ ಚೀಲಕ್ಕೆ ಹಾಕಿಕೊಂಡ.

೨೫ ಮೇ

ಬಂದಿಲ್ಲ.

೨೬ ಮೇ

ಬಂದಿಲ್ಲ.

೨೭ ಮೇ

ಹೋಟೆಲಿಗೆ ಸಂಪಾದಕರ ಟ್ರಂಕ್ ಕಾಲ್. ನಮ್ಮ ವರದಿಗಾರ ಕಾಣದೆ ಬರೆದಿದ್ದಾನೆ ಎಂದು ನಾವೇ ಹೇಗೆ ಹಾಕೋಣ ಎಂದರು. ದಾನಿಗಳ ಹೆಸರನ್ನು ನಾಲ್ಕು ವಾರ ಪ್ರಕಟಿಸಿದವರು ನಾವೇ ಅಲ್ಲವೇ ಎಂದರು.

“ದುಡ್ಡಿನ ತಕರಾರು ಕಮಿಟಿಯವರ ಕೂಡ ನೋಡ್ಕೋರಿ ಮುರಗೆಪ್ಪಾ. ಒಂದನೇ ತಾರೀಖಿಂದ ನೀವು ಪರ್ಮನೆಂಟ್ ಮನಷ್ಯಾ. ತಲಿ ಕೆಡಿಸಿಕೋಬ್ಯಾಡ್ರಿ.”

ಎಮ್ಮೆ ಸಾಯುತ್ತಿದೆ ಎಂದೆ. ಲೈನ್ ಸರಿಯಿರಲಿಲ್ಲ. ಏನಂದಿರಿ ಎಂದು ಕೇಳಿದರು. ಮತ್ತೆ ಹೇಳಲಿಲ್ಲ. ಹೋಟೆಲಿನ ಜನ ನೋಡುತ್ತಿದ್ದರು.

೨೮ ಮೇ

ಎಮ್ಮೆ ಸತ್ತಿತು. ನಿನ್ನೆ ಮಧ್ಯಾಹ್ನವಂತೆ, ನಾನು ಫೋನಿನಲ್ಲಿದ್ದ ಹೊತ್ತಿಗೇ. ಸ್ಟ್ಯಾಂಡಿಗೆ ಬಂದ ವಸ್ತಿಯ ಹೆಂಗಸು ಹೇಳಿದಳು. ಮಣಕ ಮೇವಿಲ್ಲದೆ ಮುಳ್ಳು ತಿಂದು ಬಾಯಿ ಹುಣ್ಣು ಮಾಡಿಕೊಂಡಿದೆ. ಅಂಗಡಿಯ ರದ್ದಿ ಮಾರಿ ಹನ್ನೊಂದು ಪೆಂಡಿ ಕಣಿಕಿ ಕೊಂಡು ಅವಳ ಕೈಲಿ ಕಳಿಸಿದೆ. ವಸ್ತಿಯಲ್ಲಿ ಇನ್ನೂ ಇಪ್ಪತ್ತಾರು ಮನೆಯ ದನ ಇವೆ.

ರಾತ್ರಿ ಉಣ್ಣಲಿಲ್ಲ. ಶಿವಗಂಗವ್ವ ಒತ್ತಾಯ ಮಾಡಲಿಲ್ಲ.

೩೦ ಮೇ

ಅಣ್ಣಾಸಾಬರು ಅಂಗಡಿಗೇ ಬಂದರು. ನಾಳೆ ಸಂಜೆ ಐದಕ್ಕೆ ಶಾಲೆಯ ಅಂಗಳದಲ್ಲಿ ನಿಧಿಯ ಸಮಾರೋಪ. ನಿಪ್ಪಾಣಿಯಿಂದ ದಾನಿಗಳು ಬರುತ್ತಾರೆ. ಬೀಡಿ ಕಟ್ಟುವ ಹೆಂಗಸರಲ್ಲಿ ನಾಲ್ವರನ್ನು ಕರೆಸಿದ್ದಾರೆ. ವಸ್ತಿಯವರನ್ನು ತರಲು ಟ್ರ್ಯಾಕ್ಟರ್. ತಾರವ್ವನಿಗೆ ಸೀರೆ.

“ನಿನಗೂ ಒಂದ ಶಾಲು ಹೊದಸೂದೈತಿ. ಸುದ್ದಿ ಮಧ್ಯಾಹ್ನನ ಕಳಿಸಿಬಿಡು, ಎಂದಿನಂಗ. ಮುದುಕಿ ಸೀರಿ ತಗೊಂಡ ಎರಡ ಮಾತ ಆಡಿದ್ಲು ಅಂತ ಹಾಕು. ಏನಾಡಿದ್ಲು ಅಂತ ನೀನ ಛಲೋ ಬರೀತಿ.”

ಆಗಲ್ರಿ ಎಂದೆ.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಮೂವತ್ತೊಂದರ ಪಾಕೀಟು ಒಂದನೇ ತಾರೀಖಿನ ಪತ್ರಿಕೆಗೆ ಹೋಗುತ್ತದೆ. ತಿದ್ದುಪಡಿಯೆಂದರೆ ಸಂಪಾದಕರ ಮೇಜಿಗೆ ಹೋಗುತ್ತದೆ. ಸಭೆಯ ಸುದ್ದಿ ಅವರ ಮೇಜಿಗೆ ಹೋಗುವುದಿಲ್ಲ. ರಾತ್ರಿ ಪಾಳಿಯವರು ತಲೆಬರಹ ಹಾಕಿ ನೇರ ಅಕ್ಷರ ಜೋಡಿಸಲು ಕೊಡುತ್ತಾರೆ. ಹನ್ನೊಂದು ವರ್ಷದಲ್ಲಿ ನನ್ನ ಸಭೆಯ ಸುದ್ದಿಯಲ್ಲಿ ಒಂದು ಸಾಲನ್ನೂ ಅವರು ಹೊಡೆದು ಹಾಕಿಲ್ಲ.

೩೧ ಮೇ

ಸುದ್ದಿ ಬರೆದು ಮುಗಿಸಿದಾಗ ಮೂರು ಗಂಟೆ. ತಲೆಬರಹ: “ಬರ ಪರಿಹಾರ ನಿಧಿ ಸಮಾರೋಪ”. ಮೊದಲ ಪ್ಯಾರಾದಲ್ಲಿ ಅತಿಥಿಗಳ ಹೆಸರು ಹಿರಿತನದ ಪ್ರಕಾರ. ಎರಡನೆಯದರಲ್ಲಿ ಸ್ವಾಗತ. ಮೂರನೆಯದರಲ್ಲಿ ಅಣ್ಣಾಸಾಬರ ಅಧ್ಯಕ್ಷೀಯ ಭಾಷಣ. ಎಲ್ಲ ಸಭೆಗಳಲ್ಲಿ ಇರುವಂಥದ್ದೇ. ನಾಲ್ಕನೆಯದನ್ನು ಇಲ್ಲಿ ನಕಲು ಮಾಡಿಟ್ಟಿದ್ದೇನೆ.

“ಸನ್ಮಾನ ಸ್ವೀಕರಿಸಲು ವೇದಿಕೆಗೆ ಬಂದ ವರದಿಗಾರ ಮುರಗೆಪ್ಪ ಅವರು ಶಾಲನ್ನು ನಿರಾಕರಿಸಿ ಮಾತನಾಡಿ, ಎಪ್ರಿಲ್ ೧೯ರ ಸಂಚಿಕೆಯಲ್ಲಿ ಪ್ರಕಟವಾದ ಮೇವು ವಿತರಣೆಯ ಸುದ್ದಿ ಸುಳ್ಳೆಂದೂ, ತಾವು ಕಣ್ಣಾರೆ ಕಾಣದೆ ಅದನ್ನು ಬರೆದುದಾಗಿಯೂ ತಿಳಿಸಿದರು. ವಸ್ತಿಯ ನಲವತ್ಮೂರು ಕುಟುಂಬಗಳಲ್ಲಿ ಯಾರಿಗೂ ನಿಧಿಯಿಂದ ಮೇವು ಮುಟ್ಟಿಲ್ಲ, ಹಣವು ಅಧ್ಯಕ್ಷರ ತೋಟದ ಪೈಪಿಗೆ ಬಳಕೆಯಾಗಿದೆ ಎಂದು ಹೇಳಿ, ನಿಧಿಯ ಹಣದಿಂದ ಕೊಂಡ ಕ್ಯಾಮೆರಾವನ್ನು ವೇದಿಕೆಯ ಮೇಲಿಟ್ಟರು. ನಿಪ್ಪಾಣಿಯ ಬೀಡಿ ಕಾರ್ಮಿಕ ಮಹಿಳೆಯರು ಹಾಜರಿದ್ದರು.”

ಅದರ ಕೆಳಗೆ ನಲವತ್ಮೂರು ಹೆಸರು, ರಾಜಾರಾಮನ ಫೈಲಿನಲ್ಲಿರುವ ಕ್ರಮದಲ್ಲೇ. ಐದನೆಯ ಪ್ಯಾರಾ ವಂದನಾರ್ಪಣೆ. ತಾರವ್ವ ಏನಾಡಿದಳು ಎಂಬುದನ್ನು ಬರೆಯಲಿಲ್ಲ. ಅದು ನನಗೆ ಗೊತ್ತಿಲ್ಲ.

ಶಿವಗಂಗವ್ವನಿಗೆ ಓದಿ ಹೇಳಿದೆ. ಆಕೆ ಪತ್ರಿಕೆಯ ಕಟ್ಟಿನ ದಾರ ಸುತ್ತಿಟ್ಟಳು. “ಜಾಮೀನ ತಗೀತಾರ. ಅಂಗಡೀನೂ ಹೋಗ್ತೈತಿ” ಎಂದಳು. ಹೌದು ಎಂದೆ. “ಅಲ್ಲಿ ನಿಂತ ಬಾಯಿ ಬರದಿದ್ರ?” ಎಂದಳು. ಅದಕ್ಕೂ ಹೌದು ಎಂದೆ. ಸೀರೆ ಬದಲಿಸಿ ಬರುತ್ತೇನೆ, ಒಬ್ಬರೇ ಹೋಗಬೇಡಿ ಎಂದು ಒಳಗೆ ಹೋದಳು.

ಮೂರೂವರೆಯ ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಪಾಕೀಟು ಕೊಟ್ಟೆ. “ಏನ್ರಿ, ಇವತ್ತ ಭಾಳ ದಪ್ಪ ಐತಿ” ಎಂದ ಕಂಡಕ್ಟರ್. ಹೆಸರುಗಳು ಜಾಸ್ತಿ ಎಂದೆ.

ಈಗ ನಾಲ್ಕು ಹತ್ತು. ಶಾಲೆಯ ಕಡೆಯಿಂದ ಸ್ಪೀಕರ್ ಹಚ್ಚಿ ನೋಡುವ ಸದ್ದು ಕೇಳುತ್ತಿದೆ. ವಸ್ತಿಯ ಟ್ರ್ಯಾಕ್ಟರ್ ಸ್ಟ್ಯಾಂಡಿನ ಮುಂದೆ ಹಾದುಹೋಯಿತು. ತಾರವ್ವ ಹಿಂದೆ ಕುಳಿತಿದ್ದಳು, ಪಕ್ಕದಲ್ಲಿ ಹಗ್ಗ ಹಾಕಿ ಮಣಕವನ್ನೂ ನಿಲ್ಲಿಸಿಕೊಂಡಿದ್ದಳು. ಬಿಟ್ಟು ಬರಲು ಮನಸ್ಸಾಗಿರಲಿಕ್ಕಿಲ್ಲ.

ಹೋಟೆಲಿನ ಫೋನು ನಾನು ಕುಳಿತಲ್ಲಿಂದ ಕಾಣುತ್ತದೆ. ಸುದ್ದಿ ತಡೆಯಿರಿ ಎನ್ನಲು ಈಗ ಬುಕ್ ಮಾಡಿದರೂ ಒಂಬತ್ತರೊಳಗೆ ಬೆಳಗಾವಿ ಸಿಗುತ್ತದೆ.

ಪಾಕೀಟಿನಲ್ಲಿ ಬರೆದದ್ದರಲ್ಲಿ ಒಂದು ಸಾಲೂ ಇನ್ನೂ ನಡೆದಿಲ್ಲ.